ಹೆಸರು ಹೇಳದ ಊರಿಗೆ ಇಂಗ್ಲಿಷ್ ಗ್ರಾಮರ್

ತುರುವೇಕೆರೆ ಸೀಮೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದವನು ನಗೋದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಪಾಠ ನಾನು ಮಾಡ್ತೀನಿ, ಬುದ್ಧಿ ಊರು ಕಲಿಸುತ್ತೆ. ರಿಟೈರಾಗೋಕೆ ಇನ್ನೆರಡೇ ವರ್ಷ. ಇಲ್ಲೇ ಮನೆ ಕಟ್ಟಿಸಿದ್ದೀನಿ. ಈ ವಯಸ್ಸಲ್ಲಿ ವರ್ಗ ಒಂದು ಆಗದಿದ್ರೆ ಸಾಕಪ್ಪಾ ಅಂತ ದಿನಾ ದೇವರಿಗೆ ಕೈ ಮುಗೀತೀನಿ.

೧. ಎಳನೀರು

ಒಂಬತ್ತನೇ ಕ್ಲಾಸಿಗೆ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಮಾಡ್ತಿದ್ದೆ. ಪುಸ್ತಕದ ಉದಾಹರಣೆ ಬೇಡ ಅಂತ, “ತೋಟದಲ್ಲಿ ಯಾರೋ ಎಳನೀರು ಕೆಡವಿದರು. ಆಕ್ಟಿವ್‌ನಲ್ಲಿ ಕೆಲಸ ಮಾಡಿದೋರ ಹೆಸರು ಮೊದಲು ಬರಬೇಕು. ಯಾರು ಕೆಡವಿದ್ದು, ಹೇಳಿ?” ಅಂದೆ.

ಇಡೀ ಕ್ಲಾಸು ಹಿಂದಿನ ಬೆಂಚಿನ ಕಡೆ ತಿರುಗಿತು. ಅಲ್ಲಿ ಮೂರು ತಲೆ ತಗ್ಗಿದವು.

ಮುಂದಿನ ಬೆಂಚಿನ ಹುಡುಗಿ ಎದ್ದು, “ಪ್ಯಾಸಿವ್ ಮಾಡ್ಬುಡಿ ಸಾರ್. ಅದ್ರಲ್ಲಿ ಹೆಸರು ಬಿಡಬೋದು ಅಂದ್ರಲ್ಲ, ಜಗಳ ಆಗಲ್ಲ” ಅಂದ್ಲು.

ಆ ಮೂವರು ನಿಜವಾಗ್ಲೂ ಕೆಡವಿದ್ದ ಎಳನೀರು ನಮ್ಮ ಹೆಡ್‌ಮಾಸ್ಟರರ ತೋಟದ್ದು ಅಂತ ಆಮೇಲೆ ಗೊತ್ತಾಯ್ತು.

೨. ಬೀಗರು

ದಬ್ಬೇಘಟ್ಟದ ಕಡೆಯ ತೋಟದ ಯಜಮಾನರೊಬ್ಬರು ನನ್ನ ಹತ್ರ ಬಂದರು. ರಾಶಿ ಹಾಕಿದ್ದ ತೆಂಗಿನಕಾಯಿ ಕಳುವಾಗಿದೆ, ಸ್ಟೇಷನ್ನಿಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೀಬೇಕಂತೆ.

“ಕದ್ದೋರು ಯಾರು?”

“ಊರಿಗೇ ಗೊತ್ತು ಕಣ್ರೀ. ಆದ್ರೆ ಬರೀಬ್ಯಾಡಿ. ಬೀಗರು.”

ಸರಿ, ‘ಕಾಯಿಗಳು ಒಯ್ಯಲ್ಪಟ್ಟಿವೆ’ ಅನ್ನೋ ಅರ್ಥದಲ್ಲಿ ಒಂದು ಪುಟ ಬರೆದೆ. ಓದಿದ ಇನ್ಸ್‌ಪೆಕ್ಟರು, “ಯಾರ ಮೇಲ್ರೀ ಕೇಸ್ ಹಾಕ್ಲಿ?” ಅಂದ್ರಂತೆ.

“ಕೇಸೆಲ್ಲ ಬ್ಯಾಡ ಸಾರ್. ಅವರ ಕಿವಿಗೆ ಬಿದ್ರೆ ಸಾಕು.”

ಬಿತ್ತು. ಯಜಮಾನರನ್ನ ಬೈಕಲ್ಲಿ ಸ್ಟೇಷನ್ನಿಗೆ ಕರ್ಕೊಂಡು ಬಂದು ಪಕ್ಕದಲ್ಲೇ ನಿಂತಿದ್ದೋರೂ ಅದೇ ಬೀಗರು.

೩. ನನ್ನ ಮೇಲಿನದು

ಹೋದ ವರ್ಷ ಶಾಲಾ ಸಮಿತಿ ಅಧ್ಯಕ್ಷರು ಮನೆಗೆ ಬಂದು ಕನ್ನಡದಲ್ಲಿ ಗೀಚಿದ್ದ ಒಂದು ಹಾಳೆ ಕೊಟ್ಟರು. “ಇದನ್ನ ಇಂಗ್ಲಿಷ್ ಮಾಡ್ಕೊಡಿ ಸಾರ್. ಇಂಗ್ಲಿಷ್‌ನಾಗಿದ್ರೆ ಮೇಲಿನೋರು ಬೇಗ ಓದ್ತಾರೆ.”

ಓದಿದೆ. ‘ನಮ್ಮ ಇಂಗ್ಲಿಷ್ ಮೇಷ್ಟ್ರು ಗ್ರಾಮರ್ ಸರಿಯಾಗಿ ಕಲಿಸುತ್ತಿಲ್ಲ. ದಯಮಾಡಿ ಬೇರೆ ಊರಿಗೆ ಹಾಕಿ.’

“ಇದು ನನ್ನ ಮೇಲಲ್ವೇನ್ರೀ?”

“ಹೂಂ ಸಾರ್. ಬೇಜಾರ್ ಮಾಡ್ಕಬ್ಯಾಡಿ. ನಿಮ್ಮನ್ನ ಬುಟ್ರೆ ಇಂಗ್ಲಿಷ್ ಬರೆಯೋರು ಊರಲ್ಲಿ ಇನ್ಯಾರವ್ರೆ?”

ಹಾಳೆ ಹರಿದು ಹಾಕಬೇಕಿತ್ತು. ಆದರೆ ಕೈಗೆ ಪೆನ್ನು ಬಂದರೆ ನನಗೆ ಮೈಮೇಲೆ ಬಂದಂಗೆ. ಪ್ರಧಾನ ವಾಕ್ಯಕ್ಕೆ ಉಪವಾಕ್ಯ ಪೋಣಿಸಿ, ಒಂದು ಕಾಮಾ ಆಚೀಚೆ ಆಗದಂತೆ ನನ್ನ ವರ್ಗಾವಣೆಯ ಅರ್ಜಿ ನಾನೇ ಬರೆದುಕೊಟ್ಟೆ. ಅವರು ಹೋದಮೇಲೆ ಹೆಂಡತಿ ಬೈದ ಬೈಗುಳ ಯಾವ ವಾಯ್ಸಿಗೂ ಸೇರಲ್ಲ. ಹದಿನೈದು ದಿನ ಊಟ ಸೇರಲಿಲ್ಲ.

ಆಮೇಲೆ ಅಧ್ಯಕ್ಷರೇ ಬಂದರು, ಮುಖ ಸಪ್ಪಗಿತ್ತು.

“ಅರ್ಜಿ ಓದಿ ಏನಂದ್ರು ಮೇಲಿನ ಸಾಹೇಬ್ರು?” ಅಂದೆ.

“‘ಇಂಥಾ ಇಂಗ್ಲಿಷ್ ಬರೆಯೋ ಊರಲ್ಲಿ ಮೇಷ್ಟ್ರು ಗ್ರಾಮರ್ ಕಲಿಸ್ತಿಲ್ಲ ಅಂದ್ರೆ ಯಾರ್ರೀ ನಂಬ್ತಾರೆ? ರಿಟೈರಾಗೋವರ್ಗೂ ಅವರು ಅಲ್ಲೇ ಇರಲಿ’ ಅಂದ್ಬುಟ್ರು.”

ನನಗೆ ಅವರನ್ನ ತಬ್ಬಿಕೊಳ್ಳೋಷ್ಟು ಖುಷಿ. ಅವರು ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿ ಅಂದರು:

“ನಿಮ್ಮನ್ನ ನಂಬಿ ಕೊಟ್ಟಿದ್ದೆ ಸಾರ್. ನಾಕು ತಪ್ಪಾದ್ರೂ ಮಾಡ್ಬಾರ್ದಿತ್ತೇ?”