ಮಣಿಗೆ ಅಂಟಿದ ತೂಕ

ಈ ಪ್ರಸಂಗಗಳನ್ನು ನನಗೆ ಮೊದಲು ಹೇಳಿದವಳು ನನ್ನ ಸೊಸೆ. ನಾನು ಹಳ್ಳಿ ಶಾಲೆಯಲ್ಲಿ ಕಲಿತು, ರೈಲ್ವೆಯಲ್ಲಿ ದುಡಿದು, ವಡೋದರಾದಲ್ಲೇ ಉಳಿದವನು. ಅವಳು ಇಲ್ಲಿಯ ಪ್ರಯೋಗಾಲಯವೊಂದರಲ್ಲಿ ಪ್ರೋಟೀನು ಗುರುತಿಸುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾಳೆ. ಆರು ತಿಂಗಳು ನೋಡಿ ಕೆಲಸ ಕಾಯಂ ಮಾಡುತ್ತೇವೆ ಅಂದಿದ್ದರು. ದೇವರ ದಯೆ, ಆ ಆರು ತಿಂಗಳಲ್ಲಿ ನಾವು ನಗದೆ ಇದ್ದ ವಾರವಿಲ್ಲ.

೧. ಎಣ್ಣೆ ಹನುಮಪ್ಪ

"ಪ್ರೋಟೀನು ಅಂದ್ರ ಅಮೈನೋ ಆಮ್ಲದ ಮಣಿಸರ, ಮಾವಾ. ತೂಕ ನೋಡಿ ಸಾಫ್ಟ್‌ವೇರ್ ಇದು ಯಾವ ಮಣಿ ಅಂತ ಹೇಳ್ತದ. ಮಣಿಗೆ ಬ್ಯಾರೆ ರಾಸಾಯನಿಕ ಅಂಟಿದ್ರ ಅದರ ತೂಕಾನೂ ಮೊದಲೇ ಹೇಳಿರಬೇಕು. ಇಲ್ಲಾಂದ್ರ ಗುರುತು ಹತ್ತೂದಿಲ್ಲ."

"ಮಣೀನ ಬದಲಾತೇನವಾ?"

"ಇಲ್ರಿ, ಅದೇ ಮಣಿ."

"ಹಂಗಾರ ಶನಿವಾರದ ಹನುಮಪ್ಪ ಅನ್ನು. ಎಣ್ಣಿ, ಸಿಂಧೂರ ಎಷ್ಟು ಮೆತ್ತಿದ್ರೂ ಒಳಗ ಅವನೇ."

ಇದನ್ನವಳು ಕಚೇರಿಯಲ್ಲಿ ಹೇಳಿದಳಂತೆ. ಅಂದಿನಿಂದ ಉತ್ತರ ತಪ್ಪಿದಾಗಲೆಲ್ಲ ಅಲ್ಲಿಯ ಗುಜರಾತಿಗಳ ಪ್ರಶ್ನೆ ಒಂದೇ: "ಬೆಹೆನ್, ಎಣ್ಣೆಯ ತೂಕ ಕೊಟ್ಟಿರಾ?"

೨. ಎಲ್ಲದಕ್ಕೂ ಹೂಂ

ಸೂರತ್ತಿನಿಂದ ಬಂದ ಸಹೋದ್ಯೋಗಿಯೊಬ್ಬ, ಯಾವುದಕ್ಕೂ ಇರಲಿ ಎಂದು, ಅಂಟಬಹುದಾದ ನೂರಾರು ರಾಸಾಯನಿಕಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಟಿಕ್ ಹಾಕಿಬಿಟ್ಟ. ಸಾಫ್ಟ್‌ವೇರ್ ಮೂರು ದಿನ ಓಡಿ, ಒಂದೇ ಸರಕ್ಕೆ ಹನ್ನೆರಡು ಹೆಸರು ಕೊಟ್ಟಿತು. ಕೇಳಿ ನನ್ನ ಹೆಂಡತಿ ಅಂದಳು: "ಮದುವಿ ಮನ್ಯಾಗ ಯಾರನ್ನ ಕೇಳಿದ್ರೂ ನಾನೇ ಬೀಗ ಅಂದಂಗಾತು."

೩. ಪರೀಕ್ಷೆಯ ದಿನ

ಆರನೆಯ ತಿಂಗಳು ಅಹಮದಾಬಾದಿನ ಸಾಹೇಬರು ಬಂದರು. ಕಾಯಂ ಮಾಡುವುದು ಬಿಡುವುದು ಅವರ ಕೈಯಲ್ಲಿ. ಪರೀಕ್ಷೆಗೆ ಕೊಟ್ಟದ್ದು ಹಾಲಿನ ಪ್ರೋಟೀನು. ಅದರಲ್ಲಿ ಸಿಸ್ಟೀನ್ ಎಂಬ ಮಣಿಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ಇವರೇ ರಾಸಾಯನಿಕದ ಟೊಪ್ಪಿಗೆ ತೊಡಿಸಿರುತ್ತಾರೆ. ಆ ಮಣಿ ಒಂದೂ ಸಿಗಲಿಲ್ಲ! ಮಧ್ಯಾಹ್ನದವರೆಗೆ ಹುಡುಕಿದರೂ ಇಲ್ಲ.

ಕಚೇರಿಯಲ್ಲೇ ಊಟಕ್ಕೆ ಕುಳಿತಾಗ ಸೊಸೆ ತನ್ನ ಡಬ್ಬಿ ಬಿಚ್ಚಿ ಸಾಹೇಬರಿಗೂ ಬಡಿಸಿದಳು. ಬೆಲ್ಲದ ದಾಲಿಗೆ ಒಗ್ಗಿದ ಸಾಹೇಬರು ನಮ್ಮ ಮನೆಯ ಸಾರು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಬೆಹೆನ್, ಮನೆಯಲ್ಲಿ ಇಬ್ಬರು ಉಪ್ಪು ಹಾಕಿದರೇನು?"

ಇವಳು ಕೈ ತೊಳೆಯದೆ ಕಂಪ್ಯೂಟರಿಗೆ ಓಡಿದಳು. ಟೊಪ್ಪಿಗೆಯ ತೂಕವನ್ನು ಮಣಿಯ ತೂಕದಲ್ಲೇ ಸೇರಿಸಿದ್ದಳು. ಅಂಟಿದವುಗಳ ಪಟ್ಟಿಯಲ್ಲೂ ಮತ್ತೆ ಬರೆದಿದ್ದಳು. ಪಾಪ, ಸಾಫ್ಟ್‌ವೇರ್ ಎರಡೆರಡು ಟೊಪ್ಪಿಗೆಯ ಮಣಿ ಹುಡುಕುತ್ತಿತ್ತು! ಒಂದನ್ನು ತೆಗೆದದ್ದೇ ತಡ, ಮಣಿಗಳೆಲ್ಲ ಸಾಲಾಗಿ ಬಂದವು. ಸಾಹೇಬರು ಕೂಡಲೇ ಸಹಿ ಹಾಕಿದರು.

ಮನೆಯಲ್ಲಿ ಅಷ್ಟರೊಳಗೆ ನಾವಿಬ್ಬರೂ ಸಾರಿನ ರುಚಿ ನೋಡಿ, "ಎರಡನೇ ಸಲ ಹಾಕಿದವಳು ನೀನು", "ಅಲ್ಲ, ನೀವು" ಎಂದು ಜಗಳಾಡುತ್ತಿದ್ದೆವು. ಸೊಸೆ ಬಂದು ಸುದ್ದಿ ಹೇಳಿ, "ಎರಡನೇ ಸಲ ಉಪ್ಪು ಹಾಕಿದವರಿಗೆ ನಮಸ್ಕಾರ" ಎಂದು ಬಾಗಿದಳು.

ಇಬ್ಬರೂ ಒಟ್ಟಿಗೆ ಪಾದ ಮುಂದೆ ಇಟ್ಟೆವು.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ, ಪುಣ್ಯ ಬರುತ್ತದೆ. ಉಪ್ಪು ಖಾರ ಮಾತ್ರ ಸೇರಿಸಬೇಡಿ, ಆಗಲೇ ಹೆಚ್ಚಾಗಿದೆ.