ಒನಕೆಗೆ ಒಪ್ಪುವ ಪೀಪ್ ಸೈಟ್ ಮಾಡಿಕೊಟ್ಟ ಮಹನೀಯರಿಗೆ

ಬೋಲ್ಟ್ ಎಳೆದು ಗುಂಡು ಹಾಕುವ ರೈಫಲ್‌ಗಳಿಗೆ ಹಳೆಯ ಕಾಲದ ಮಾದರಿಯ ಪೀಪ್ ಸೈಟುಗಳನ್ನು, ಗಿರಾಕಿಯ ಅಳತೆಗೆ ತಕ್ಕಂತೆ, ಒಂದೊಂದಾಗಿ ಮಾಡಿಕೊಡುವ ಕಾರ್ಖಾನೆಯ ಮಾಲೀಕರ ಸನ್ನಿಧಾನಕ್ಕೆ,

ಮಾನ್ಯರೇ,

ಕಂಪ್ಲಿಯಿಂದ ಸುನಿತಾ ಮಾಡುವ ಶರಣು ಶರಣಾರ್ಥಿಗಳು. ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಲೇತ್ ಮಷೀನು ಹೇಗಿದೆ? ಅದರ ಆರೋಗ್ಯವನ್ನು ಇಷ್ಟು ಕಾಳಜಿಯಿಂದ ವಿಚಾರಿಸುವುದಕ್ಕೆ ಕಾರಣವಿದೆ. ಅದು ಕೆಲವು ಕಾಲ ಹಾಸಿಗೆ ಹಿಡಿಯಲಿ ಎಂದು ಕೈಮುಗಿದು ಬೇಡಿಕೊಳ್ಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ತಮಗೇ ನೇರವಾಗಿ ಬರೆಯಬಹುದಿತ್ತು. ಆದರೆ ತಾವು ಶಿಸ್ತಿನ ವ್ಯಾಪಾರಸ್ಥರು, ಪತ್ರ ಕೈಸೇರಿದ ಗಳಿಗೆಯಲ್ಲೇ ನಮ್ಮವರಿಗೆ ಫೋನ್ ಮಾಡಿ, ಮೇಡಂ ಹೀಗೆ ಬರೆದಿದ್ದಾರಲ್ಲ ಎಂದು ವಿಚಾರಿಸುತ್ತೀರಿ. ಪತ್ರಿಕೆಯಲ್ಲಿ ಬರೆದರೆ ಆ ಭಯವಿಲ್ಲ. ನಮ್ಮವರು ಭತ್ತದ ಧಾರಣೆ ಮತ್ತು ಕ್ರಿಕೆಟ್ ಬಿಟ್ಟು ಬೇರೆ ಪುಟ ತೆರೆಯುವುದಿಲ್ಲ.

ನಮ್ಮವರೆಂದರೆ ತಮ್ಮ ಗಿರಾಕಿ ಸಿದ್ದಲಿಂಗೇಶ್. ತಾವು ಕಳಿಸಿದ ಸೈಟು ರೈಫಲ್ಲಿಗೆ ಕೂರುತ್ತಿಲ್ಲವೆಂದು ಅವರು ತಮಗೆ ದೂರಿದ್ದಾರೆ. ತಾವು ಒಂದು ಮಾತೂ ವಾದಿಸದೆ, ರೈಫಲ್ಲಿನ ಹೊಸ ಅಚ್ಚು ಕಳಿಸಿದರೆ ಕೂಡಲೇ ಬೇರೆಯದನ್ನು ಮಾಡಿಕೊಡುತ್ತೇವೆ ಎಂದು ಒಪ್ಪಿಕೊಂಡುಬಿಟ್ಟಿರಿ. ಅವರ ದೂರು ಸೈಟಿನ ಮೇಲೆ. ನನ್ನ ದೂರು ತಮ್ಮ ಒಳ್ಳೆಯತನದ ಮೇಲೆ.

ಪೀಪ್ ಸೈಟ್ ಎಂದರೇನೆಂದು ಓದುಗರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತಾದ್ದರಿಂದ ನನಗೆ ಬಾಯಿಪಾಠವಾಗಿದೆ. ರೈಫಲ್ಲಿನ ಹಿಂಭಾಗದಲ್ಲಿ, ಕಣ್ಣಿಗೆ ಹತ್ತಿರವಾಗಿ ಕೂರುವ ಒಂದು ಉಕ್ಕಿನ ಬಿಲ್ಲೆ, ಅದರ ನಡುವೆ ಮೂಗುಬಟ್ಟಿನ ತೂತಿನಷ್ಟು ರಂಧ್ರ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅಲ್ಲಿಟ್ಟರೆ ದೂರದ ಗುರಿ ಸ್ಪಷ್ಟವಾಗಿ ಕಾಣುತ್ತದೆ. ಕಾಲ ಬುಡದಲ್ಲಿ ಅಂಬೆಗಾಲಿಡುವ ಮಗು ಕಾಣುವುದಿಲ್ಲ. ಅದು ತಮ್ಮ ತಯಾರಿಕೆಯ ದೋಷವಲ್ಲ, ಗಿರಾಕಿಯದು.

ಇನ್ನು ರೈಫಲ್. ಅದು ನಮ್ಮವರ ತಾತ ಶಂಭುಲಿಂಗಪ್ಪನವರು ಬೆಳೆ ಕಾಯಲೆಂದು ಲೈಸನ್ಸ್ ಮಾಡಿಸಿ ತಂದದ್ದು. ಈಗ ಲೈಸನ್ಸ್ ನಮ್ಮವರ ಹೆಸರಲ್ಲಿದೆ, ತಾತನ ಹೆಸರು ನನ್ನ ಮಗನಿಗಿದೆ. ಹೊಲ ಇರುವುದು ದರೋಜಿ ಕಡೆ, ರೈಫಲ್ ಇದ್ದದ್ದು ಕಂಪ್ಲಿಯ ನಮ್ಮ ಪಡಸಾಲೆಯ ಮೂಲೆಯಲ್ಲಿ; ನಮ್ಮವರು ಬೈಕ್ ಹತ್ತಿ ಬರುವವರೆಗೆ ಹಂದಿಗಳು ಶೇಂಗಾ ಮುಟ್ಟದೆ ಕಾಯುತ್ತವೆಂಬ ಭರವಸೆ ಇವರಿಗಿದೆ. ಅಲ್ಲಿಯವರೆಗೆ ಹೊಲ ಕಾಯುವ ಗಾದಿಲಿಂಗಪ್ಪ ಎಣ್ಣೆ ಡಬ್ಬ ಬಡಿಯುತ್ತಾನೆ, ಹಂದಿಗಳು ಓಡುತ್ತವೆ. ಆ ಡಬ್ಬಕ್ಕೆ ಯಾರೂ ಸೈಟ್ ಮಾಡಿಸಿಲ್ಲ.

ನನ್ನ ಮಗ ಶಂಭು ಮೊದಲ ಸಲ ಎದ್ದು ನಿಂತದ್ದು ಆ ರೈಫಲ್ಲಿನ ನಳಿಗೆ ಹಿಡಿದುಕೊಂಡು. ಮಕ್ಕಳು ಗೋಡೆ ಹಿಡಿದೋ, ತೊಟ್ಟಿಲ ಕಾಲು ಹಿಡಿದೋ ನಿಲ್ಲುವುದು ಲೋಕರೂಢಿ. ಇವನು ಎರಡೂ ಕೈಯಲ್ಲಿ ನಳಿಗೆ ಹಿಡಿದು, ಅದರ ಬಾಯಿಗೆ ತನ್ನ ಬಾಯಿ ಹಚ್ಚಿ ಜೊಲ್ಲು ಸುರಿಸುತ್ತ ನಿಂತಿದ್ದ. ಅತ್ತೆ ಸಂಗಮ್ಮನವರು, "ಅಯ್ಯ ನಮ್ಮಪ್ಪ, ತಾತನ ಬಂದೂಕನ ಹಿಡಕಂಡು ನಿಂತಾನ ನೋಡು" ಎಂದು ಚಪ್ಪಾಳೆ ತಟ್ಟಿದರು. ನಾನು ಓಡಿಹೋಗಿ ಅವನನ್ನು ಎತ್ತಿಕೊಂಡೆ. ನಮ್ಮವರಿಗೆ ನಗು ಬಂತು. "ಯಾಕ ಹಂಗ ಅಂಜತೀ? ಖಾಲಿ ಐತಿ. ನೋಡಿಲ್ಲೆ" ಎಂದು ನನಗೆ ಧೈರ್ಯ ತುಂಬಲು ಬೋಲ್ಟ್ ಎಳೆದರು. ಒಳಗಿನಿಂದ ಒಂದು ಗುಂಡು ಹಾರಿ ಬಿದ್ದು, ಟೈಲ್ಸ್ ಮೇಲೆ ಉರುಳುತ್ತ ಹೋಗಿ ತೊಟ್ಟಿಲ ಕೆಳಗೆ ನಿಂತಿತು.

ಅತ್ತೆಯವರ ಚಪ್ಪಾಳೆ ನಿಂತಿತು. ನಮ್ಮವರು ಗುಂಡನ್ನು ಎತ್ತಿ ಬನಿಯನ್ನಿಗೆ ಒರೆಸಿ, "ಇದೊಂದು ಹೆಂಗ ಉಳೀತು" ಎಂದು, ತಪ್ಪೆಲ್ಲ ಆ ಗುಂಡಿನದೇ ಎಂಬಂತೆ ಅದನ್ನೇ ಕೇಳಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನಾನು ಅಂದಿನಿಂದ ನಿದ್ದೆ ಮಾಡಿಲ್ಲ. ಕಣ್ಣು ಹತ್ತಿದರೆ ಸಾಕು, ಟೈಲ್ಸ್ ಮೇಲೆ ಆ ಉರುಳುವ ಸದ್ದು.

ಬೀಗ ಹಾಕುವಂಥ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿರಿ ಎಂದು ನಾನು ಕೇಳದ ದಿನವಿಲ್ಲ. "ಬಂದೂಕಿಗೆ ಬೀಗ ಹಾಕಿದ್ರ, ಹಂದಿ ಬಂದಾಗ ಕೀಲಿ ಹುಡುಕ್ಕೋತ ಕುಂದ್ರಲೇನು?" ಎಂಬುದು ಅವರ ಉತ್ತರ. ಅಷ್ಟರಲ್ಲಿ ಚುನಾವಣೆ ಬಂತು. ಲೈಸನ್ಸ್ ಇದ್ದವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ಪದವಿಯಲ್ಲಿ ರಾಜ್ಯಶಾಸ್ತ್ರ ಓದಿದಾಗ ಪ್ರಜಾಪ್ರಭುತ್ವದ ಮೇಲೆ ಹುಟ್ಟದ ಪ್ರೀತಿ ನನಗೆ ಆ ದಿನ ಹುಟ್ಟಿತು. ಬೇಕಾದರೆ ಪ್ರತಿ ತಿಂಗಳೂ ಮತ ಹಾಕಲು ನಾನು ಸಿದ್ಧಳಿದ್ದೆ.

ರೈಫಲ್ ಇಲ್ಲದ ಆ ವಿರಹದಲ್ಲೇ ನಮ್ಮವರ ಕಣ್ಣಿಗೆ ತಮ್ಮ ಜಾಹೀರಾತು ಬಿತ್ತು. ತಾವು ರೈಫಲ್ಲಿನ ಬೆನ್ನಿನ ಅಚ್ಚು ಕೇಳಿದಿರಿ, ಕೆನ್ನೆಯೊರಗಿಸಿದಾಗ ಕಣ್ಣು ಎಷ್ಟು ದೂರದಲ್ಲಿರುತ್ತದೆಂದು ಕೇಳಿದಿರಿ. ರೈಫಲ್ ಠಾಣೆಯಲ್ಲಿದೆ, ಅದು ಬರುವತನಕ ತಡೆಯುವಷ್ಟು ತಾಳ್ಮೆ ನಮ್ಮವರಿಗಿಲ್ಲ. ಅಡುಗೆಮನೆಯಲ್ಲಿ ಅತ್ತೆಯವರ ಒನಕೆ ಇತ್ತು. "ದಪ್ಪ ಅಷ್ಟಽ ಐತಿ, ನನ್ನ ಕಣ್ಣಳತಿ ತಪ್ಪಂಗಿಲ್ಲ" ಎಂದು ಒನಕೆಗೆ ಗೋಧಿ ಹಿಟ್ಟು ಮೆತ್ತಿ, ಅದಕ್ಕೇ ಕೆನ್ನೆಯೊರಗಿಸಿ, ಅಳತೆ ಕಳಿಸಿಕೊಟ್ಟರು. ಕಣ್ಣಳತೆ ತಪ್ಪದವರಿಗೆ ಸೈಟು ಯಾಕೆ ಬೇಕೆಂದು ನಾನು ಕೇಳಲಿಲ್ಲ, ಸಂಸಾರ ಮಾಡಬೇಕಲ್ಲ.

ಮಾನ್ಯರೇ, ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆ. ಸೈಟು ಒನಕೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ನಮ್ಮವರು ಸಂಜೆ ಮಾಳಿಗೆ ಹತ್ತಿ ಒನಕೆಯನ್ನು ಹೆಗಲಿಗೆ ಕೊಟ್ಟು, ಬಾಳೆ ತೋಟಗಳಾಚೆ ಹಂಪಿ ಕಡೆಯ ಗುಡ್ಡದ ಬಂಡೆಗಳಿಗೆ ಗುರಿ ಹಿಡಿದು, "ಮಸ್ತ್ ಕಾಣಸ್ತೈತಿ" ಎನ್ನುತ್ತಿದ್ದರು. ಒಮ್ಮೆ ಸೈಟು ಬಿಚ್ಚುವುದನ್ನು ಮರೆತರು. ಮರುದಿನ ಅತ್ತೆಯವರು ಅದೇ ಒನಕೆಯಲ್ಲಿ ಮೆಣಸಿನಕಾಯಿ ಕುಟ್ಟಿದರು. ಸಂಜೆ ಇವರು ಮಾಳಿಗೆಯಲ್ಲಿ ಕಣ್ಣಿಟ್ಟದ್ದೇ ತಡ, ಬಂಡೆಗಳ ಬದಲು ನಕ್ಷತ್ರಗಳು ಕಂಡವು. ನಾನು ತಂಬಿಗೆಯಲ್ಲಿ ನೀರು ಒಯ್ದೆ. ಸ್ವಲ್ಪ ನಿಧಾನವಾಗಿ ಒಯ್ದೆ.

ಅದೇ ಸೈಟನ್ನು ಠಾಣೆಗೆ ಒಯ್ದು ರೈಫಲ್ಲಿನ ಮೇಲೆ ಇಟ್ಟಾಗ, ಎರಡೂ ಜಗಳವಾಡಿದ ಗಂಡ ಹೆಂಡಿರಂತೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ಕೂತವಂತೆ. ಹೆಡ್ ಕಾನ್‌ಸ್ಟೆಬಲ್ ಉಚ್ಚೆಂಗೆಪ್ಪನವರು, "ಎಲೆಕ್ಷನ್ ಮುಗದೈತ್ರಿ, ಎಲ್ಲಾರೂ ಒಯ್ದರು, ನಿಮ್ಮದೊಂದಽ ಉಳದೈತಿ" ಎಂದರೂ ನಮ್ಮವರು, "ಸೈಟ್ ಕುಂದ್ರೋತನಕ ನಾ ಇದನ್ನ ಮನಿಗೆ ಒಯ್ಯಂಗಿಲ್ರಿ" ಎಂದು ಶಪಥ ಮಾಡಿ ಬಂದಿದ್ದಾರೆ. ನಮ್ಮ ಮದುವೆಯಾದ ಮೇಲೆ ಅವರು ಆಡಿದ ಮಾತುಗಳಲ್ಲಿ ನನಗೆ ಅತ್ಯಂತ ಹಿತವಾದದ್ದು ಇದೇ.

ಆದ್ದರಿಂದ ನನ್ನ ವಿನಂತಿ. ತಮ್ಮ ಹೊಸ ಸೈಟು ಟಿ.ಬಿ. ಡ್ಯಾಂ ಕಾಲುವೆಯ ನೀರು ಕೊನೆಯ ಹೊಲ ಮುಟ್ಟುವ ವೇಗದಲ್ಲಿ ಬರಲಿ. ತಮ್ಮ ಪಾರ್ಸೆಲ್ಲಿನ ಗಾಡಿ ಸಂಡೂರಿನ ಅದಿರು ಲಾರಿಗಳ ಹಿಂದೆಯೇ ಸಿಕ್ಕಿಕೊಳ್ಳಲಿ, ಮರಿಯಮ್ಮನಹಳ್ಳಿ ದಾಟುವ ಮೊದಲು ಡ್ರೈವರನಿಗೆ ವೈರಾಗ್ಯ ಬರಲಿ. ನನ್ನ ಮಗನಿಗೆ ತಿಳಿವಳಿಕೆ ಬರುವವರೆಗೆ, ಅಥವಾ ಅವನ ಅಪ್ಪನಿಗೆ, ಯಾರಿಗೆ ಮೊದಲು ಬರುತ್ತದೋ ಅಲ್ಲಿಯವರೆಗೆ ತಾವು ತಡಮಾಡಬೇಕು.

ಇದಾಗದಿದ್ದರೆ ಇನ್ನೊಂದು ದಾರಿಯಿದೆ. ತಾವು ಸೈಟನ್ನು ಮಖಮಲ್ ಹಾಸಿದ, ಪುಟ್ಟ ಬೀಗವಿರುವ ಮರದ ಡಬ್ಬಿಯಲ್ಲಿಟ್ಟು ಕಳಿಸಿದಿರಿ. ಡಬ್ಬಿಯೊಳಗಿನ ಚೀಟಿಯನ್ನು ನಮ್ಮವರು ಪುರಾಣ ಓದಿದಂತೆ ಮನೆಮಂದಿಗೆಲ್ಲ ಓದಿ ಹೇಳಿದರು. ಬಳಸಿದ ಮೇಲೆ ಬೀಗ ಹಾಕಿಡಿ ಎಂದಿತ್ತು. ಖಾರದ ಪ್ರಸಂಗವಾದ ಮೇಲಂತೂ ಚಾಚೂ ತಪ್ಪದೆ ಹಾಕುತ್ತಾರೆ. ಹಾಕಿ, ಡಬ್ಬಿಯನ್ನು ಬೀರುವಿನ ಮೇಲಿಟ್ಟು, "ಹುಡುಗನ ಕೈಗೆ ಸಿಗಬಾರದು, ಕೆಡಿಸಿಬಿಡ್ತಾನ" ಎನ್ನುತ್ತಾರೆ. ಅಂದರೆ ನನ್ನ ಮಗನಿಂದ ಸೈಟಿಗೆ ಅಪಾಯವಾಗಬಾರದೆಂಬ ಎಚ್ಚರ ಈ ಮನೆಯಲ್ಲಿ ಇದೆ. ಹೆಂಡತಿ ಹೇಳಿದ್ದು ಹೆದರಿಕೆಯಾಗುತ್ತದೆ, ಕಂಪನಿ ಅಚ್ಚುಹಾಕಿಸಿದ್ದು ಶಾಸ್ತ್ರವಾಗುತ್ತದೆ. ಮುಂದಿನ ಚೀಟಿಯಲ್ಲಿ ದಯಮಾಡಿ ಒಂದೇ ಒಂದು ಸಾಲು ಸೇರಿಸಿ: ರೈಫಲ್ಲನ್ನೂ ಗುಂಡುಗಳನ್ನೂ ಬೇರೆಬೇರೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದಿದ್ದರೆ ಸೈಟಿನ ಗುರಿ ಕೆಡುತ್ತದೆ. ಇದು ಸುಳ್ಳೆಂದು ತಮ್ಮ ಮನಸ್ಸು ಕುಟುಕಿದರೆ, ತಮ್ಮ ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ತಮ್ಮ ವಿಳಂಬವನ್ನೇ ನಂಬಿಕೊಂಡಿರುವ ವಿಶ್ವಾಸಿ,
ಸುನಿತಾ ಸಿದ್ದಲಿಂಗೇಶ್
ಕಂಪ್ಲಿ

ಬರೆಯಲು ಮರೆತದ್ದು: ತಾವು ಕೇಳಿದ ಹೊಸ ಅಚ್ಚನ್ನು ನಮ್ಮವರು ಈ ಸಲ ಠಾಣೆಗೇ ಹೋಗಿ, ರೈಫಲ್ಲಿನ ಬೆನ್ನಿಗೇ ಹಿಟ್ಟು ಮೆತ್ತಿ ತೆಗೆದುಕೊಂಡು ಬಂದರು. "ಜ್ವಾಕಿಲೆ ಒಣಗಿಸಿ ಪೋಸ್ಟ್ ಮಾಡು" ಎಂದು ನನ್ನ ಕೈಗೆ ಕೊಟ್ಟರು. ನಾನು ಅದಕ್ಕೆ ಸ್ವಲ್ಪ ನೀರು ಹಾಕಿ ಮತ್ತೆ ಚೆನ್ನಾಗಿ ನಾದಿ, ಒನಕೆಗೆ ಮೆತ್ತಿ, ಒಣಗಿಸಿ ಹೊಸಪೇಟೆಯಿಂದ ಕಳಿಸಿದ್ದೇನೆ. ಹಿಟ್ಟು ಅವರದೇ. ಹೋದ ಸಲದಷ್ಟೇ ಅಚ್ಚುಕಟ್ಟಾಗಿ ಮಾಡಿಕೊಡಿ. ಡಬ್ಬಿಯ ಚೀಟಿಯಲ್ಲಿ ಆ ಸಾಲು ಬಂದು, ಮನೆಗೆ ಪೆಟ್ಟಿಗೆ ಬಂದ ದಿನ, ರೈಫಲ್ಲಿನ ಅಚ್ಚನ್ನು ನಾನೇ ಠಾಣೆಗೆ ಹೋಗಿ ತೆಗೆದು ಕಳಿಸುತ್ತೇನೆ.