ಕತ್ತಿ ಬಾರದ ರಾಜಕುಮಾರನೂ ಮಂಡಿ ನೋವಿನ ರಾಕ್ಷಸನೂ

ಅಂಗಡಿ ಇಟ್ಟುಕೊಂಡವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನೇ ಮೆಟ್ಟಿಲು ಹತ್ತಿ ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತದೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ನಾನು ದುಡಿಯುತ್ತೇನೆ ಅಂತ ನಾನು, ಆಟ ಆಡುತ್ತೇನೆ ಅಂತ ಹೆಂಡತಿ. ಇಬ್ಬರೂ ಹೇಳುವುದು ನಿಜ.

ರಿಪೇರಿಯಾದ ಕಂಪ್ಯೂಟರಿಗೆ ಭಾರವಾದ ಆಟವೊಂದನ್ನು ಹಾಕಿ ಓಡಿಸಿದರೆ ಅದು ಬಿಸಿಯಾಗುತ್ತದೋ, ನಡುವೆ ನಿಂತುಹೋಗುತ್ತದೋ ತಿಳಿಯುತ್ತದೆ. ಇದಕ್ಕೆ ಟೆಸ್ಟಿಂಗ್ ಎನ್ನುತ್ತಾರೆ. ಅರ್ಧ ಗಂಟೆ ಸಾಕು. ನಾನು ಸ್ವಲ್ಪ ಶ್ರದ್ಧೆಯ ಮನುಷ್ಯ, ಒಂದು ವಾರ ಮಾಡುತ್ತೇನೆ.

ಟೆಸ್ಟಿಂಗಿಗೆ ನಾನು ಹಚ್ಚಿಕೊಂಡಿದ್ದ ಆಟದಲ್ಲಿ ರಾಜ್ಯ ಕಳೆದುಕೊಂಡ ರಾಜಕುಮಾರ, ಮಾಟಗಾತಿ, ಮಾತಾಡುವ ಕಾಡು, ದ್ರೋಹಿ ಮಂತ್ರಿ ಎಲ್ಲರೂ ಇದ್ದರು. ಕಥೆ ಬರೆದವನು ಪುಣ್ಯಾತ್ಮ. ಒಂದೊಂದು ಮಾತೂ ಎದೆಗೆ ತಾಗುವಂಥದ್ದು. ಕಾದಾಟ ರೂಪಿಸಿದವನು ಮಾತ್ರ ಬೇರೆ ಯಾರೋ ಇರಬೇಕು, ಬಹುಶಃ ಕಥೆ ಬರೆದವನ ಮೇಲೆ ಹಳೇ ಸಿಟ್ಟಿದ್ದವನು. ಶತ್ರು ಎದುರಿಗೆ ನಿಂತಿದ್ದರೆ ನಮ್ಮ ರಾಜಕುಮಾರ ಪಕ್ಕದ ಕಂಬಕ್ಕೆ ಕತ್ತಿ ಬೀಸುತ್ತಾನೆ. ಶತ್ರು ಹಿಂದೆ ಹೋದನೆಂದರೆ, ನಮ್ಮ ಬೀದಿಯಲ್ಲಿ ಲಾರಿ ತಿರುಗಿಸಿದ ಹಾಗೆ ಹಿಂದೆ ಮುಂದೆ ಆಗುತ್ತಾ ತಿರುಗುತ್ತಾನೆ. ಅಷ್ಟರಲ್ಲಿ ಸತ್ತಿರುತ್ತಾನೆ.

ರಿಪೇರಿ ಆಗಿಲ್ಲ

ಹನೂರಿನ ಡ್ರಾಮಾ ಮೇಷ್ಟ್ರೊಬ್ಬರು ಮಗಳ ಕಂಪ್ಯೂಟರ್ ತಂದು ಕೊಟ್ಟಿದ್ದರು. ಈ ಮೇಷ್ಟ್ರು ಹಾರ್ಮೋನಿಯಂ ಹೊತ್ತುಕೊಂಡು ಊರೂರಿಗೆ ಹೋಗಿ, ಹೊಲ ಉಳುವವರಿಗೂ ಹಾಲು ಅಳೆಯುವವರಿಗೂ ಪೌರಾಣಿಕ ನಾಟಕ ಕಲಿಸುವವರು. ಕಂಪ್ಯೂಟರ್ ಬೇಗನೇ ಸರಿಹೋಗಿತ್ತು. ಅವರು ತೆಗೆದುಕೊಂಡು ಹೋಗಲು ಬಂದಾಗ ಅದರಲ್ಲಿ ಟೆಸ್ಟಿಂಗ್ ನಡೆಯುತ್ತಿತ್ತು.

"ಆಯ್ತಾ ಸಾ?" ಅಂದರು.

"ಆಯ್ತು ಮೇಷ್ಟ್ರೇ, ಕೂತ್ಕೊಳ್ಳಿ. ಇದೊಂದು ಕಾದಾಟ ಮುಗೀಲಿ, ಕೊಟ್ಟುಬಿಡ್ತೀನಿ."

ಸೇತುವೆಯ ಮೇಲೆ ಒಬ್ಬ ಮುದಿ ಕಾವಲುಗಾರ ನಿಂತಿದ್ದ. ರಾಜಕುಮಾರ ಮೊದಲ ಏಟನ್ನು ಸೇತುವೆಯ ಕಟಕಟೆಗೆ ಹಾಕಿದ. ಎರಡನೆಯದನ್ನು ಆಕಾಶಕ್ಕೆ ಬೀಸಿದ. ಮೂರನೆಯದನ್ನು ಬೀಸುವ ರಭಸಕ್ಕೆ ತಾನೇ ಹೊಳೆಗೆ ಬಿದ್ದ. ಕಾವಲುಗಾರ ಕೈಯನ್ನೂ ಎತ್ತಿರಲಿಲ್ಲ. ಮತ್ತೆ ಶುರು ಮಾಡಿದೆ, ಮತ್ತೆ ಹೊಳೆಗೇ ಹೋದ.

"ಇದ್ಯಾಕ್ ಸಾ ಇಂಗಾಡ್ತಾನೆ?"

"ಆಟಾನೇ ಹಾಗೆ ಮೇಷ್ಟ್ರೇ. ಕಥೆ ಮಾತ್ರ ಬಹಳ ಚೆನ್ನಾಗಿದೆ."

"ಕತೆ ಕಟ್ಕಂಡು ಏನ್ ಮಾಡೀರಿ? ನಾಟ್ಕ ಕಲ್ಸಿ ಕಲ್ಸಿ ತಲೆ ನೆರೆತೋಗದೆ ನಂಗೆ. ಎತ್ತಿದ್ ಕೈ ಎದುರಾಳಿ ಮ್ಯಾಲೆ ಬೀಳ್ಬೇಕು. ಮಿಷಿನ್ನು ರಿಪೇರಿ ಆಗಿಲ್ಲ ಕಣ್ರಿ."

ಕಂಪ್ಯೂಟರಿನ ಒಳಗೆ ಹಾಕಿದ್ದ ಹೊಸ ಫ್ಯಾನ್ ತೋರಿಸಿದೆ, ಎಷ್ಟು ತಣ್ಣಗಿದೆ ಎಂದು ಅವರ ಕೈಯನ್ನೇ ಹಿಡಿದು ಮುಟ್ಟಿಸಿದೆ. ಮೇಷ್ಟ್ರು ಒಪ್ಪಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು. "ಅವ್ನು ನೆಟ್ಟಗೆ ಕತ್ತಿ ಬೀಸಿದ್ ದಿನ ಒಂದ್ ಫೋನ್ ಮಾಡಿ ಸಾ. ಬಂದು ತಕಂಡೋಯ್ತೀನಿ."

ಒನ್ಸ್ ಮೋರ್

ಹೀಗೆ ಕಂಪ್ಯೂಟರ್ ನನ್ನಲ್ಲೇ ಉಳಿಯಿತು, ಟೆಸ್ಟಿಂಗ್ ಮುಂದುವರಿಯಿತು. ಅದೇ ವಾರ ಧನಗೆರೆಯಿಂದ ಮಾವ ಬಂದರು, ನನ್ನ ಹೆಂಡತಿಯ ಅಪ್ಪ. ಮಂಡಿ ನೋವಿಗೆ ಡಾಕ್ಟರಿಗೆ ತೋರಿಸಬೇಕಿತ್ತು.

ಮಾವ ಮೀಸೆ ಚಿಗುರಿದಾಗಿನಿಂದ ಊರಿನ ನಾಟಕದಲ್ಲಿ ರಾಕ್ಷಸ ರಾಜ. ಗದಾಯುದ್ಧದಲ್ಲಿ ಬಿದ್ದು, ಸಾಯುವಾಗ ಒಂದು ಉದ್ದನೆಯ ಮಾತು, ಅದರ ಬಾಲಕ್ಕೊಂದು ಹಾಡು. ಜನ ಕಾಯುತ್ತಿದ್ದುದೇ ಅದಕ್ಕೆ. ಆದರೆ ಈ ವರ್ಷ ಊರಿಗೆ ಬಂದಿದ್ದ ಮೇಷ್ಟ್ರು ಬೇರೆ ಯಾರೂ ಅಲ್ಲ, ನಮ್ಮ ಹನೂರಿನವರೇ. "ಈಗಿನ್ ಜನ ಫೈಟು ನೋಡಕ್ಕೆ ಬರದು ಯಜಮಾನ್ರೇ. ನಿಮ್ ಮಂಡಿ ಕಟ್ಕಂಡು ಆಗಕ್ಕಿಲ್ಲ" ಎಂದುಬಿಟ್ಟಿದ್ದರಂತೆ. ಯಳಂದೂರಿನಲ್ಲಿ ಜಿಮ್ ಇಟ್ಟಿದ್ದವನೊಬ್ಬ ಧನಗೆರೆಯ ಅಳಿಯ. ಆ ಪಾರ್ಟು ಅವನಿಗೆ ಕೊಡುವ ಮಾತಾಗಿತ್ತು. ಮಾವ ಹಟ ಹಿಡಿದದ್ದರಿಂದ, ಭಾನುವಾರ ಇಬ್ಬರೂ ಊರಿನ ಎದುರು ಮಾಡಿ ತೋರಿಸುವುದು, ಗೆದ್ದವರಿಗೆ ಪಾರ್ಟು ಎಂದು ತೀರ್ಮಾನವಾಗಿತ್ತು. ಮಾವ ಮಂಡಿ ತೋರಿಸಲು ಬಂದರು ನಿಜ, ನೋಯುತ್ತಿದ್ದುದು ಮಂಡಿಯೊಂದೇ ಅಲ್ಲ.

ಬೇಸರ ಕಳೆಯಲೆಂದು ಅಂಗಡಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಆಟದ ಇಂಗ್ಲಿಷ್ ಮಾತುಗಳನ್ನು ನನಗೆ ತಿಳಿದಂತೆ ಕನ್ನಡ ಮಾಡಿ ಹೇಳುತ್ತಿದ್ದೆ. ಮಾವ ಮೊದಲು ಮುಖ ತಿರುಗಿಸಿ ಕೂತಿದ್ದರು. ಆಮೇಲೆ "ಹ್ಞೂಂ" ಎನ್ನಲು ಶುರು ಮಾಡಿದರು. ಆಮೇಲೆ ಸ್ಟೂಲ್ ಹತ್ತಿರ ಬಂತು.

ಆ ಮಧ್ಯಾಹ್ನ ಬಹಳ ಹೆಣಗಿ ದ್ರೋಹಿ ಮಂತ್ರಿಯನ್ನು ಕೊಂದೆ. ನಿಜ ಹೇಳಬೇಕೆಂದರೆ ಅವನು ಹಿಂದೆ ಸರಿಯುತ್ತಾ ಮೆಟ್ಟಿಲಿನಿಂದ ಬಿದ್ದ. ಸಾಯುವ ಮಂತ್ರಿ ಹೇಳಿದ. "ಪ್ರಭು, ಈ ಕೋಟೆಯ ಬಾಗಿಲು ತೆರೆದವನು ನಾನೇ. ಈ ಕೋಟೆ ಕಟ್ಟಿದವನೂ ನಾನೇ. ಕಟ್ಟುವಾಗ ಯಾರೂ ನನ್ನ ಹೆಸರು ಕೇಳಲಿಲ್ಲ. ತೆರೆದ ದಿನ ಎಲ್ಲರೂ ಕೇಳಿದರು."

ಮಾವ ಕಣ್ಣೊರೆಸಿಕೊಂಡರು. ಮರುಕ್ಷಣ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರು. "ಒನ್ಸ್ ಮೋರ್!"

"ಮಾವ, ಇದು ನಾಟಕ ಅಲ್ಲ. ಕೊಂದ ಮೇಲೇ ಆ ಮಾತು ಬರೋದು."

"ಅದ್ಕೇನಂತೆ ಅಳಿದೇವ್ರೇ? ಇನ್ನೊಂದ್ಸಲ ಕೊಲ್ಲಿ."

ಹೆಣ್ಣು ಕೊಟ್ಟ ಮಾವ, ಇಲ್ಲವೆನ್ನುವುದು ಹೇಗೆ? ಆಟದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಕಾದಾಡಿದೆ. ಈ ಸಲ ಮಂತ್ರಿ ಮೆಟ್ಟಿಲಿನಿಂದ ಬೀಳಲಿಲ್ಲ, ನನ್ನನ್ನೇ ಬೀಳಿಸಿದ. ಪ್ರಿಂಟರ್ ಹಿಡಿದುಕೊಂಡು ಬಂದವನೊಬ್ಬ ಕಾದು ಕಾದು ಹೊರಟುಹೋದ. ಕೊನೆಗೆ ಹೇಗೋ ಕೊಂದೆ, ಮಾತು ಬಂತು, ಮಾವ ಮತ್ತೆ ಶಿಳ್ಳೆ ಹಾಕಿದರು. ಹೀಗೇ ಸಂಜೆಯಾಯಿತು.

ಕೊನೆಗೆ ಪರದೆಯ ಆಚೆಯಿಂದ ಹೆಂಡತಿ ರೇಗಿದಳು. "ಅಪ್ಪಾ, ಸಾಕು ಬುಡಪ್ಪಾ! ಆ ಮನ್ಸ ಎಷ್ಟ್ ಸಲ ಅಂತ ಸಾಯ್ಬೇಕು?"

"ಲೇ ಮಗಾ, ನಾನೂ ನಮ್ಮೂರಲ್ಲಿ ಯಾವತ್ತೂ ಒಂದೇ ಸಲಕ್ಕೆ ಸತ್ತೋನಲ್ಲ ಕಣವ್ವ" ಅಂದರು ಮಾವ.

ಯಳಂದೂರಿನ ಗುಂಡಿ

ಶುಕ್ರವಾರ ಯಳಂದೂರಿನ ಅದೇ ಜಿಮ್ಮಿನಿಂದ ಫೋನ್ ಬಂತು, ಕಂಪ್ಯೂಟರ್ ನಿಂತುಹೋಗಿದೆ ಎಂದು. ಹೊರಟವನ ಹಿಂದೆ ಮಾವ ಪಂಚೆ ಎತ್ತಿ ಕಟ್ಟಿಕೊಂಡು ಸ್ಕೂಟರ್ ಹತ್ತಿದರು. "ಗಾಳಿ ಕುಡ್ಕಂಡು ಬತ್ತೀನಿ" ಅಂದರು. ಎದುರಾಳಿಯ ತೋಳಿನ ಗಾತ್ರ ನೋಡಿಕೊಂಡು ಬರಲು ಹೊರಟಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು.

ಜಿಮ್ಮಿನವನು ಒಳ್ಳೆಯವನು. ಅದೇ ಕಷ್ಟ. ಕೆಟ್ಟವನಾಗಿದ್ದರೆ ಮಾವನಿಗೆ ಬೈಯಲಾದರೂ ಅನುಕೂಲವಾಗುತ್ತಿತ್ತು. ಕಾಲಿಗೆ ಬಿದ್ದ, ಟೀ ತರಿಸಿದ, ಮಂಡಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳಿದ. ಕಂಪ್ಯೂಟರ್ ಸರಿಯಾದ ಮೇಲೆ ತನ್ನ ಆಟವನ್ನು ಹಾಕಿ ತೋರಿಸಿದ. ಅಬ್ಬಾ, ಅದು ಕಾದಾಟ! ಗದೆ ಗಾಳಿಯಲ್ಲಿ ಹಾಡುತ್ತಿತ್ತು, ಒಂದೇಟಿಗೆ ನಾಲ್ಕು ಜನ ಹಾರಿ ಬೀಳುತ್ತಿದ್ದರು. ನನಗೆ ಹೊಟ್ಟೆ ಉರಿಯಿತು.

ಮಾವ ಸ್ವಲ್ಪ ಹೊತ್ತು ನೋಡಿ ಕೇಳಿದರು. "ಇವ್ನು ಅವರ್ನೆಲ್ಲಾ ಯಾಕ್ಲಾ ಒಡೀತಾವ್ನೆ?"

"ಗೊತ್ತಿಲ್ಲ ಯಜಮಾನ್ರೇ."

"ಅವ್ರೇನ್ ತಪ್ ಮಾಡಿದ್ರು?"

"ಎದುರಿಗೆ ಬಂದ್ರಲ್ಲ."

"ಎದುರಿಗೆ ಬಂದೋರ್ನೆಲ್ಲಾ ಒಡಿಯಂಗಿದ್ರೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ ಒಬ್ರೂ ಉಳಿಯಕ್ಕಿಲ್ಲ ಕಣ್ಲಾ."

ಅವನು ನಕ್ಕ. "ಅದ್ರಲ್ಲೂ ಕತೆ ಅದೆ ಯಜಮಾನ್ರೇ. ಮಾತು ಬಂದಾಗೆಲ್ಲಾ ಈ ಗುಂಡಿ ಒತ್ತಿದ್ರೆ ಸ್ಕಿಪ್ಪಾಯ್ತದೆ."

ಮಾತನ್ನು ಹಾರಿಸುವುದಕ್ಕೂ ಒಂದು ಗುಂಡಿ ಇರುತ್ತದೆಂದು ಮಾವನಿಗೆ ಅಂದೇ ಗೊತ್ತಾದದ್ದು. ಟೀ ಲೋಟ ಕೆಳಗಿಟ್ಟರು. ವಾಪಸ್ ಬರುವಾಗ ಕೊಳ್ಳೇಗಾಲದ ಹತ್ತಿರ ಸ್ಕೂಟರಿನ ಹಿಂದಿನಿಂದ ಕೇಳಿದರು. "ಅಳಿದೇವ್ರೇ, ಮಾತು ಆರ್ಸಕ್ಕೆ ಗುಂಡಿ ಅದೆ. ಒಡೆದಾಟ ಆರ್ಸಕ್ಕೆ ಇಲ್ವಾ?"

ಸುಳ್ಳು ಹೇಳಲಾಗಲಿಲ್ಲ. "ಇದೆ ಮಾವ. ನಮ್ಮ ಆಟದಲ್ಲೇ ಇದೆ. 'ಬರೀ ಕಥೆ' ಅಂತ ಒಂದು ಸೆಟ್ಟಿಂಗು. ಹಾಕಿದರೆ ಶತ್ರುಗಳು ಮುಟ್ಟಿದರೆ ಬೀಳ್ತಾರೆ."

"ಮತ್ಯಾಕೆ ಇಷ್ಟ್ ದಿನ ಒಡ್ಸ್ಕಂಡ್ರಿ?"

"ಗಂಡಸಾದವನು ಅದನ್ನ ಒತ್ತಿದ್ರೆ ಮರ್ಯಾದೆ ಉಳಿಯುತ್ತಾ ಮಾವ?"

"ಒಳ್ಳೇದು" ಅಂದರು ಮಾವ. "ನನ್ ಮಗ್ಳು ನಿಮ್ ಇಷ್ಯದಲ್ಲಿ ಏಳಿದ್ದೆಲ್ಲಾ ಈಗ ಅರ್ಥಾಯ್ತದೆ."

ಧನಗೆರೆಯ ಗದಾಯುದ್ಧ

ಭಾನುವಾರ ಧನಗೆರೆಯ ಅರಳಿಕಟ್ಟೆಯ ಮುಂದೆ ಊರೆಲ್ಲ ಸೇರಿತ್ತು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತಿದ್ದರು. ನನ್ನನ್ನು ಕಂಡೊಡನೆ "ಬೀಸಿದ್ನಾ ಸಾ?" ಅಂದರು. ಇಲ್ಲವೆಂದು ತಲೆ ಆಡಿಸಿದೆ.

ರಾಕ್ಷಸನನ್ನು ಕೊಲ್ಲುವ ರಾಜನ ಪಾರ್ಟು ಹಾಲಿನ ಡೈರಿಯವನದು. ಮೊದಲು ಜಿಮ್ಮಿನವನ ಸರದಿ. ತಗಡಿನ ಗದೆಯನ್ನು ಅವನು ತಿರುಗಿಸಿದ ಚಂದಕ್ಕೆ ಮಕ್ಕಳೆಲ್ಲ ಎದ್ದು ನಿಂತರು. ಮೇಷ್ಟ್ರ ಮುಖ ಅರಳಿತು, ಮಾವನ ಮುಖ ಬಾಡಿತು. ಆಮೇಲೆ ಅವನು ಬಿದ್ದ, ಬೀಳುವುದೂ ಸೊಗಸಾಗಿತ್ತು. ಸಾಯುವ ಮಾತು ಬರಬೇಕು. "ಎಲೈ ರಾಜನೇ" ಅಂದ. ನಿಲ್ಲಿಸಿದ. ಮತ್ತೊಮ್ಮೆ "ಎಲೈ ರಾಜನೇ" ಅಂದ. ಮೇಷ್ಟ್ರು ಪಿಸುಗುಟ್ಟಿ ಮುಂದಿನ ಸಾಲು ಎತ್ತಿಕೊಟ್ಟರು. ಅವನು ತಲೆ ಎತ್ತಿ "ಮೇಷ್ಟ್ರೇ, ಇಲ್ಲಿಂದ ಸ್ಕಿಪ್ ಮಾಡ್ಬೌದಾ?" ಎಂದು ಕೇಳಿದ.

ಆಮೇಲೆ ಮಾವ ಬಂದರು. ಗದೆ ಊರಿಕೊಂಡು ನಿಂತರು. ಅದು ಠೀವಿಯೆಂದು ಜನ ತಿಳಿದರು, ಆಸರೆಯೆಂದು ನನಗೆ ಗೊತ್ತಿತ್ತು. ಡೈರಿಯವನು ಗದೆ ಎತ್ತಿ ಮೆಲ್ಲಗೆ ಕೇಳಿದ. "ದೊಡ್ಡಪ್ಪಾ, ಒಡೀಲಾ?"

"ಒಡಿ ಕಣ್ಲಾ."

"ನೋವಾಯ್ತದೆ ಬುಡು ದೊಡ್ಡಪ್ಪಾ."

"ಥೂ, ಒಡಿಯೋ!"

ಅವನು ಅರೆಮನಸ್ಸಿನಿಂದ ಬೀಸಿದ ಏಟು ಅರಳಿಮರಕ್ಕೆ ಬಿತ್ತು. ನನಗೆ ನಮ್ಮ ರಾಜಕುಮಾರನನ್ನೇ ಕಂಡಂತಾಯಿತು. ಅವನು ಎರಡನೇ ಏಟಿಗೆಂದು ಗದೆ ಎತ್ತುವಷ್ಟರಲ್ಲಿ ಮಾವನ ಮಂಡಿ ಕೈಕೊಟ್ಟಿತು, ದೊಪ್ಪನೆ ಬಿದ್ದರು. ರಾಜ ಎತ್ತಿದ ಗದೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಏಟೇ ಬೀಳದೆ ರಾಕ್ಷಸ ಸತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷದ ರಾಕ್ಷಸತನ ಹೀಗೆ ಮುಗಿಯಬಾರದಿತ್ತು.

ಆ ನಗುವಿನ ನಡುವೆ ಮಾವ ಒಂದು ಕೈ ಎತ್ತಿದರು. ನಾಟಕದ ಮಾತು ಆಡಲಿಲ್ಲ. ಮೇಷ್ಟ್ರ ಕಡೆ ತಿರುಗಿ ಹೇಳಿದರು. "ಪ್ರಭು, ಈ ಕೋಟೆಯ ಬಾಗಿಲು ತೆರೆದವನು ನಾನೇ. ಈ ಕೋಟೆ ಕಟ್ಟಿದವನೂ ನಾನೇ. ಕಟ್ಟುವಾಗ ಯಾರೂ ನನ್ನ ಹೆಸರು ಕೇಳಲಿಲ್ಲ. ಬಿದ್ದ ದಿನ ಎಲ್ಲರೂ ನಕ್ಕಿರಿ."

ನಗು ನಿಂತಿತು. ಮುದುಕಿಯೊಬ್ಬಳು ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಯಾರೋ ಶಿಳ್ಳೆ ಹಾಕಿದರು, ಊರಿಗೆ ಊರೇ ಕೂಗಿತು. "ಒನ್ಸ್ ಮೋರ್!"

ಮಾವ ಏಳಲು ನೋಡಿದರು, ಆಗಲಿಲ್ಲ. ಮಲಗಿದಲ್ಲೇ ಹೇಳಬಹುದಿತ್ತು, ಆದರೆ ಅವರಿಗೆ ಈಗ ಒಂದು ಕಟ್ಟುನಿಟ್ಟು ಬಂದುಬಿಟ್ಟಿತ್ತು. "ಅಂಗೆಲ್ಲಾ ಬರಕ್ಕಿಲ್ಲ! ಕೊಂದ್ ಮ್ಯಾಲೇ ಮಾತು!" ಎಂದು ಗದರಿದರು. ಜಿಮ್ಮಿನವನು ಓಡಿ ಬಂದು ಎರಡೂ ಕಂಕುಳಿಗೆ ಕೈ ಹಾಕಿ, ಅಕ್ಕಿ ಮೂಟೆ ಎತ್ತುವ ಹಾಗೆ ಎತ್ತಿ ನಿಲ್ಲಿಸಿದ. ಡೈರಿಯವನು ಗಾಳಿಗೆ ಬೀಸಿದ. ಮಾವ ಬಿದ್ದರು, ಹೇಳಿದರು. ಮತ್ತೆ ಒನ್ಸ್ ಮೋರ್. ಮತ್ತೆ ಎತ್ತಿದ, ಮತ್ತೆ ಬಿದ್ದರು. ಇನ್ನೊಮ್ಮೆ ಕೂಗಿದಾಗ ಜಿಮ್ಮಿನವನೇ ಬೆವರು ಒರೆಸಿಕೊಂಡು "ಮೇಷ್ಟ್ರೇ, ಈ ಪಾರ್ಟು ನನ್ ಕೈಲಾಗಕ್ಕಿಲ್ಲ. ಎತ್ತದೇ ಇಷ್ಟ್ ಕಷ್ಟ, ಇನ್ನು ಸಾಯದು ಎಂಗೆ?" ಅಂದ.

ಮೇಷ್ಟ್ರು ಹಾರ್ಮೋನಿಯಂ ಮೇಲೆ ತಲೆ ಇಟ್ಟುಕೊಂಡು ಅಳುತ್ತಿದ್ದರು. ಎದ್ದು ತೀರ್ಪು ಕೊಟ್ಟರು. ಗದೆ ಹಿಡಿದು ಹೊಡೆದಾಡುವವನು ಜಿಮ್ಮಿನವನು. ಹೊಡೆದಾಡುತ್ತಾ ಪರದೆಯ ಹಿಂದೆ ಹೋಗುವುದು, ಅದೇ ವೇಷದಲ್ಲಿ ಮಾವ ಈಚೆಗೆ ಬಂದು ಬೀಳುವುದು.

"ಒಡೆದಾಡೋನು ಅವ್ನು, ಸಾಯೋನು ಮಾತ್ರ ನಾನಾ?" ಅಂದರು ಮಾವ, ಗೆದ್ದವರಿಗೆ ಮಾತ್ರ ಬರುವ ಸಿಟ್ಟಿನಲ್ಲಿ.

ಮರುದಿನ ಬೆಳಿಗ್ಗೆ ಮೇಷ್ಟ್ರು ಅಂಗಡಿಗೆ ಬಂದು "ಮಿಷಿನ್ನು ಕೊಡಿ ಸಾ" ಅಂದರು.

"ಅವನಿನ್ನೂ ಕಂಬಕ್ಕೇ ಬೀಸ್ತಾನಲ್ಲ ಮೇಷ್ಟ್ರೇ?"

"ಬೀಸ್ಲಿ ಬುಡಿ ಸಾ. ಆ ಮಂತ್ರಿ ಮಾತಾಡ್ತಾನಲ್ಲ, ಯಜಮಾನ್ರು ಎಲ್ಲಾ ಏಳುದ್ರು. ಆಟಾನೂ ಅದ್ರಾಗೇ ಇರ್ಲಿ."

ಕಂಪ್ಯೂಟರ್ ಹೊತ್ತುಕೊಂಡು ಹನೂರಿನ ಬಸ್ಸು ಹತ್ತಿದರು. ಎರಡು ದಿನ ಸದ್ದಿಲ್ಲ. ಮೂರನೇ ದಿನ ಮಧ್ಯಾಹ್ನ ಫೋನ್ ಬಂತು. ಅವರ ದನಿ ಸೋತುಹೋಗಿತ್ತು. ಹಿಂದಿನಿಂದ ಮನೆಮಂದಿಯೆಲ್ಲ ಶಿಳ್ಳೆ ಹಾಕುವುದು ಕೇಳಿಸುತ್ತಿತ್ತು.

"ಸಾ, ಎಂಗೋ ಮಾಡಿ ಆ ಮಂತ್ರೀನ ಕೊಂದ್ಬುಟ್ಟೆ. ಮಾತೂ ಬಂತು, ಎಲ್ಲಾರೂ ಅತ್ತಾಯ್ತು. ಇದ್ರಾಗೆ ಒನ್ಸ್ ಮೋರ್ ಗುಂಡಿ ಯಾವ್ದು ಸಾ?"

"ಆ ಗುಂಡಿ ಇಲ್ಲ ಮೇಷ್ಟ್ರೇ" ಅಂದೆ. "ಇನ್ನೊಂದ್ಸಲ ಕೊಲ್ಲಿ."